ಗ್ರೋತ್ ಹಾರ್ಮೋನ್ ಚುಚ್ಚಿಸಿಕೊಂಡರೆ ಶುಗರ್ ಇರುವವರ ಹೊಟ್ಟೆ ಕರಗುತ್ತದಾ?

ಪ್ರಶ್ನೆ: ನಮ್ಮ ಯಜಮಾನರಿಗೆ 48 ವರ್ಷ. ತೀರ್ಥಹಳ್ಳಿ ಹತ್ತಿರ ಅಡಿಕೆ ತೋಟ ನೋಡಿಕೊಂಡಿದ್ದಾರೆ. ಶುಗರ್ ಬಂದು 9 ವರ್ಷ. ಮಾತ್ರೆಯಲ್ಲಿ ಹತೋಟಿಗೆ ಬರದೆ ಎಂಟು ತಿಂಗಳ ಹಿಂದೆ ಇನ್ಸುಲಿನ್ ಶುರು ಮಾಡಿದರು. ಶುಗರ್ ಇಳಿಯಿತು. ಆದರೆ ತೂಕ 74ರಿಂದ 80 ಕೆಜಿಗೆ ಏರಿದೆ, ಎಲ್ಲಾ ಹೊಟ್ಟೆಗೇ. ಶಿವಮೊಗ್ಗದಲ್ಲಿ ಜಿಮ್‌ಗೆ ಹೋಗುವ ನಮ್ಮ ಭಾವನ ಮಗ, ‘ಚಿಕ್ಕಪ್ಪನಿಗೆ ಗ್ರೋತ್ ಹಾರ್ಮೋನ್ ಕಡಿಮೆಯಾಗಿದೆ. ಅದರ ಇಂಜೆಕ್ಷನ್ ಮೂರು ತಿಂಗಳು ತಗೊಂಡರೆ ಹೊಟ್ಟೆ ಕರಗಿ ಮೈ ಗಟ್ಟಿಯಾಗುತ್ತೆ, ನಾನೇ ತರಿಸಿಕೊಡ್ತೀನಿ’ ಅನ್ನುತ್ತಿದ್ದಾನೆ. ಇವರಿಗೂ ಆಸೆ ಹುಟ್ಟಿದೆ. ಇನ್ಸುಲಿನ್ ಬಿಟ್ಟು ಅದನ್ನು ತೆಗೆದುಕೊಳ್ಳಬಹುದಾ? ನಮ್ಮತ್ತೆ ಬೇರೆ, ಇದೆಲ್ಲಾ ಬಾಯ್ಲರ್ ಕೋಳಿಯ ಹಾರ್ಮೋನಿನಿಂದಲೇ ಆಗಿದ್ದು ಅನ್ನುತ್ತಾರೆ.

ಉತ್ತರ: ಮೊದಲೇ ಹೇಳಿಬಿಡುತ್ತೇನೆ, ಬೇಡ. ಇನ್ಸುಲಿನ್ ಬಿಟ್ಟು ಅಂತೂ ಬೇಡವೇ ಬೇಡ. ಇನ್ಸುಲಿನ್ ಜೊತೆಗೂ ಬೇಡ. ಹುಡುಗ ತರಿಸಿದ ಪೆಟ್ಟಿಗೆ ಈಗಾಗಲೇ ನಿಮ್ಮ ಫ್ರಿಜ್ಜಿನಲ್ಲಿ ಬಂದು ಕೂತಿದ್ದರೆ ಅಲ್ಲೇ ಇರಲಿ, ಸಿರಿಂಜಿಗೆ ಏರುವುದು ಬೇಡ. ಆದರೆ ಅವನು ಪೂರ್ತಿ ಸುಳ್ಳು ಹೇಳುತ್ತಿಲ್ಲ. ಅರ್ಧ ನಿಜ ಹೇಳುತ್ತಿದ್ದಾನೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ನಮ್ಮ ಮಲೆನಾಡಿನ ಮನೆಗಳಲ್ಲಿ ಬೇಸಿಗೆ ಬಂತೆಂದರೆ ಎಲ್ಲವೂ ಅಟ್ಟ ಹತ್ತುತ್ತದೆ. ಸೌದೆ, ಹಲಸಿನ ಹಪ್ಪಳದ ಡಬ್ಬ, ಒಣಗಿಸಿದ ವಾಟೆಹುಳಿ. ಜಡಿಮಳೆ ಹಿಡಿದ ಮೇಲೆ ಒಂದೊಂದಾಗಿ ಕೆಳಗೆ ಇಳಿಯುತ್ತದೆ. ಮೈಯೊಳಗೂ ಹೀಗೆ ಏರಿಸುವ ಕೈ ಒಂದು, ಇಳಿಸುವ ಕೈ ಹಲವು. ಉಂಡದ್ದರಲ್ಲಿ ಮಿಕ್ಕಿದ್ದನ್ನು ಕೊಬ್ಬಾಗಿ ಅಟ್ಟಕ್ಕೆ ಏರಿಸುವುದು ಇನ್ಸುಲಿನ್. ಹೊಟ್ಟೆ ಖಾಲಿ ಇರುವಾಗ, ಮುಖ್ಯವಾಗಿ ರಾತ್ರಿ ನಿದ್ದೆಯಲ್ಲಿ, ಆ ಕೊಬ್ಬನ್ನು ಕೆಳಗೆ ಇಳಿಸುವ ಕೈಗಳಲ್ಲಿ ಗ್ರೋತ್ ಹಾರ್ಮೋನೂ ಒಂದು. ಮೂಗಿನ ಬುಡದ ನೇರಕ್ಕೆ ಒಳಗೆ, ಮೆದುಳಿನ ಅಡಿಯಲ್ಲಿ ಬಟಾಣಿ ಕಾಳಿನಷ್ಟಿರುವ ಪಿಟ್ಯುಟರಿ ಗ್ರಂಥಿಯಿಂದ ಅದು ಬರುತ್ತದೆ. ಹೆಸರು ಕೇಳಿದರೆ ಮಕ್ಕಳ ಎತ್ತರಕ್ಕೆ ಮಾತ್ರ ಅನ್ನಿಸುತ್ತದೆ ಅಲ್ವಾ? ಹಾಗೇನಿಲ್ಲ, ದೊಡ್ಡವರಿಗೂ ಅದಕ್ಕೆ ಕೆಲಸ ಇದೆ.

ಹಾಗಾದರೆ ಕೊಬ್ಬು ಕರಗಿಸುತ್ತದೆ ಅನ್ನುವುದು ನಿಜವೇ ಆಯಿತಲ್ಲ? ಆಯಿತು. ತೊಂದರೆ ಇರುವುದು ಇದರ ಮುಂದಿನ ಹೆಜ್ಜೆಯಲ್ಲಿ. ಕೊಬ್ಬು ಕರಗಿ ರಕ್ತಕ್ಕೆ ಬಂದಾಗ ಸ್ನಾಯುಗಳು ಅದನ್ನೇ ಉರಿಸಿಕೊಂಡು ಸಕ್ಕರೆಗೆ ಬಾಗಿಲು ಹಾಕುತ್ತವೆ. ಅದೇ ಹೊತ್ತಿಗೆ ಲಿವರ್ ತಾನು ತಯಾರಿಸಿದ ಸಕ್ಕರೆಯನ್ನೂ ರಕ್ತಕ್ಕೆ ಬಿಡುತ್ತದೆ. ಉಪವಾಸದಲ್ಲಿ ಮೆದುಳಿಗೆ ಸಕ್ಕರೆ ಉಳಿಯಲಿ ಅಂತ ಮೈ ಮಾಡಿಕೊಂಡ ಏರ್ಪಾಡು ಇದು. ಆರೋಗ್ಯವಂತರಾದರೆ ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಬಿಟ್ಟು ಸರಿದೂಗಿಸುತ್ತದೆ. ನಿಮ್ಮ ಯಜಮಾನರಿಗೆ ಆ ಶಕ್ತಿ ಇಲ್ಲ ಅಂತಲೇ ಹೊರಗಿನಿಂದ ಇನ್ಸುಲಿನ್ ಕೊಡುತ್ತಿರುವುದು. ಅವರಿಗೆ ಈ ಇಂಜೆಕ್ಷನ್ ಕೊಟ್ಟರೆ ಹೊಟ್ಟೆ ಒಂದಿಂಚು ಇಳಿಯುವ ಮೊದಲೇ ಶುಗರ್ ಏರಿ ಕೂರುತ್ತದೆ. ಅದನ್ನು ಇಳಿಸಲು ಇನ್ಸುಲಿನ್ ಜಾಸ್ತಿ ಮಾಡಬೇಕಾಗುತ್ತದೆ. ಯಾವುದರಿಂದ ತೂಕ ಬಂತೆಂದು ಬೇಸರವೋ ಅದನ್ನೇ ಹೆಚ್ಚಿಸಿದ ಹಾಗಾಯಿತು.

ಇದು ಹೊಸ ವಿಷಯವೇನಲ್ಲ. ಅರ್ಜೆಂಟೀನಾದ ಬರ್ನಾರ್ಡೊ ಹೌಸೇ ಅನ್ನುವ ವಿಜ್ಞಾನಿ 1930ರ ಸುಮಾರಿಗೇ ನಾಯಿಗಳಲ್ಲಿ ಇದನ್ನು ತೋರಿಸಿದ್ದರು. ಮೇದೋಜೀರಕ ತೆಗೆದ ನಾಯಿಗೆ ಜೋರು ಸಕ್ಕರೆ ಕಾಯಿಲೆ ಬರುತ್ತದೆ. ಪಿಟ್ಯುಟರಿಯನ್ನೂ ತೆಗೆದರೆ ಅದೇ ಕಾಯಿಲೆ ಮೆತ್ತಗಾಗುತ್ತದೆ. ಅಂದರೆ ಪಿಟ್ಯುಟರಿಯಿಂದ ಬರುವ ಏನೋ ಒಂದು ಇನ್ಸುಲಿನ್ನಿಗೆ ಅಡ್ಡಗಾಲು ಹಾಕುತ್ತಿದೆ ಅಂತಾಯಿತು. ಇದಕ್ಕೆ 1947ರಲ್ಲಿ ಅವರಿಗೆ ನೊಬೆಲ್ ಬಂತು.

ಪುಸ್ತಕದ ಮಾತು ಬಿಡಿ, ಕಣ್ಣಾರೆ ಕಂಡದ್ದೊಂದು ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಒಬ್ಬರು ಬಂದಿದ್ದರು. ಹಳೇ ಪೇಷೆಂಟ್. ಎರಡು ಬಗೆಯ ಇನ್ಸುಲಿನ್, ಮೂರು ಮಾತ್ರೆ, ಆದರೂ ಶುಗರ್ 300ರ ಕೆಳಗೆ ಇಳಿಯದು. ಪಥ್ಯ ಮಾಡಲ್ಲ ಅಂತ ನಾನೇ ಎರಡು ಸಲ ಗದರಿದ್ದೆ. ಒಂದು ದಿನ ರಕ್ತ ಕೊಡಲು ಕೈ ಚಾಚಿದಾಗ ಉಂಗುರ ಕಂಡಿತು. ಬೆರಳಿನ ಮಾಂಸದೊಳಗೆ ಹೂತುಹೋಗಿತ್ತು. ‘ಮದುವೆಯಲ್ಲಿ ಹಾಕಿದ್ದು ಸಾರ್, ಈಗ ಸೋಪು ಹಚ್ಚಿದರೂ ಬರಲ್ಲ’ ಅಂದರು. ಚಪ್ಪಲಿ ಎಷ್ಟು ನಂಬರ್ ಅಂತ ಕೇಳಿದೆ. ಮೊದಲು 8 ಹಾಕುತ್ತಿದ್ದವರು 10ಕ್ಕೆ ಹೋಗಿದ್ದರು. ಗದ್ದ ಮುಂದೆ ಬಂದಿತ್ತು, ಹಲ್ಲುಗಳ ನಡುವೆ ಸಂದಿ ಬಿದ್ದಿತ್ತು. ಪಿಟ್ಯುಟರಿಯಲ್ಲಿ ಸಣ್ಣ ಗೆಡ್ಡೆ ಬೆಳೆದು ವರ್ಷಗಟ್ಟಲೆ ಗ್ರೋತ್ ಹಾರ್ಮೋನ್ ಸುರಿಸುತ್ತಿತ್ತು. ಆಕ್ರೋಮೆಗಲಿ ಅನ್ನುತ್ತಾರೆ ಇದಕ್ಕೆ. ಆಪರೇಷನ್ ಆದ ಮೇಲೆ ಇನ್ಸುಲಿನ್ ಅರ್ಧಕ್ಕಿಂತ ಕೆಳಗೆ ಇಳಿಯಿತು. ಗದರಿದ್ದಕ್ಕೆ ನನಗೆ ಇವತ್ತಿಗೂ ನಾಚಿಕೆ ಇದೆ. ಮೈಯೇ ಜಾಸ್ತಿ ಮಾಡಿದ ಹಾರ್ಮೋನ್ ಅವರ ಶುಗರನ್ನು ಅಲ್ಲಿಗೆ ತಂದಿತ್ತು. ನಿಮ್ಮ ಹುಡುಗ ದುಡ್ಡು ಕೊಟ್ಟು ಅದೇ ದಾರಿಗೆ ಕರೆಯುತ್ತಿದ್ದಾನೆ.

ಮತ್ತೆ ಜಿಮ್‌ನವರಿಗೆ ಈ ಮಾತು ಎಲ್ಲಿಂದ ಬಂತು? 1990ರಲ್ಲಿ ಅಮೆರಿಕದಲ್ಲಿ ಒಂದು ಸಣ್ಣ ಪ್ರಯೋಗ ಆಯಿತು. ಅರವತ್ತು ದಾಟಿದ 12 ಗಂಡಸರಿಗೆ ಆರು ತಿಂಗಳು ಈ ಇಂಜೆಕ್ಷನ್ ಕೊಟ್ಟರು. ಕೊಬ್ಬು ಶೇಕಡಾ 14ರಷ್ಟು ಇಳಿಯಿತು, ಕೊಬ್ಬಲ್ಲದ ಮೈತೂಕ ಶೇಕಡಾ 9ರಷ್ಟು ಏರಿತು. ಅಷ್ಟೇ ಸಾಕಾಯಿತು, ಮುಪ್ಪು ಓಡಿಸುವ ಮದ್ದು ಅಂತ ವ್ಯಾಪಾರ ಶುರುವಾಯಿತು. ಆಮೇಲೆ ನಡೆದ ಹಲವು ಪ್ರಯೋಗಗಳನ್ನು 2007ರಲ್ಲಿ ಒಟ್ಟಿಗೆ ಇಟ್ಟು ನೋಡಿದರು. ಕೊಬ್ಬು ಸುಮಾರು 2 ಕೆಜಿ ಕಮ್ಮಿ, ಕೊಬ್ಬಲ್ಲದ ತೂಕ ಸುಮಾರು 2 ಕೆಜಿ ಜಾಸ್ತಿ. ತಕ್ಕಡಿಯ ಮುಳ್ಳು ಮಾತ್ರ ಅಲ್ಲಾಡಲಿಲ್ಲ! ಆ ಜಾಸ್ತಿಯಲ್ಲೂ ಮೈಯಲ್ಲಿ ನಿಂತ ನೀರಿನ ಪಾಲು ಇರುತ್ತದೆ. ಕಾಲು ಊದುವುದು, ಕೀಲು ನೋವು, ಕೈ ಜೋಮು ಹಿಡಿಯುವುದು, ಶುಗರ್ ಏರುವುದು ಇವೆಲ್ಲ ಜೊತೆಗೆ ಉಚಿತ. ಶುಗರ್ ಇರುವ ದಪ್ಪ ಮೈಯವರಿಗೆ ತೀರಾ ಕಡಿಮೆ ಡೋಸ್ ಕೊಟ್ಟು ನೋಡಿದ ಸಣ್ಣ ಪ್ರಯೋಗಗಳೂ ಇವೆ. ಕೆಲವರಲ್ಲಿ ಹೊಟ್ಟೆಯೊಳಗಿನ ಕೊಬ್ಬು ಕೊಂಚ ಇಳಿದದ್ದು ನಿಜ. ಆದರೆ ಅದು ಚಿಕಿತ್ಸೆಯ ಮಟ್ಟಕ್ಕೆ ಬರಲಿಲ್ಲ. ಅಮೆರಿಕದಲ್ಲಂತೂ ಒಪ್ಪಿಗೆ ಇಲ್ಲದ ಕಾರಣಕ್ಕೆ ಈ ಔಷಧಿ ಹಂಚುವುದೇ ಅಪರಾಧ.

ಹುಡುಗನ ಇನ್ನೊಂದು ಮಾತು, ‘ಚಿಕ್ಕಪ್ಪನಿಗೆ ಕಡಿಮೆಯಾಗಿದೆ’ ಅನ್ನುವುದು. ಆಗಿರಬಹುದು. ಹೊಟ್ಟೆಯಲ್ಲಿ ಕೊಬ್ಬು ತುಂಬಿದವರಲ್ಲಿ ಗ್ರೋತ್ ಹಾರ್ಮೋನ್ ಸಹಜವಾಗಿಯೇ ಕಡಿಮೆ ಇರುತ್ತದೆ. ಆದರೆ ಹೊಟ್ಟೆ ಬಂದದ್ದರಿಂದ ಅದು ಕಡಿಮೆಯಾಗಿದೆ, ಅದು ಕಡಿಮೆಯಾಗಿ ಹೊಟ್ಟೆ ಬಂದದ್ದಲ್ಲ. ತೂಕ ಇಳಿದರೆ ಅದು ತಾನೇ ಮೇಲೇಳುತ್ತದೆ. ಟೆಸ್ಟ್ ಮಾಡಿಸಿ ನೋಡೋಣ ಅಂದುಕೊಂಡರೆ ಸುಮ್ನೆ ದುಡ್ಡು ದಂಡ. ಈ ಹಾರ್ಮೋನ್ ದಿನವಿಡೀ ಒಂದೇ ಸಮ ಬರುವುದಿಲ್ಲ. ಅಲೆ ಅಲೆಯಾಗಿ ಬರುತ್ತದೆ, ದೊಡ್ಡ ಅಲೆ ರಾತ್ರಿ ಗಾಢ ನಿದ್ದೆ ಹತ್ತಿದ ಮೊದಲ ಗಂಟೆಗಳಲ್ಲಿ. ಬೆಳಿಗ್ಗೆ ಲ್ಯಾಬಿಗೆ ಹೋಗಿ ಒಂದು ಸಲ ರಕ್ತ ಕೊಟ್ಟು ‘ಕಡಿಮೆ ಇದೆ’ ಅನ್ನುವುದು, ಆಗುಂಬೆಯಲ್ಲಿ ಎರಡು ಮಳೆ ನಡುವೆ ಐದು ನಿಮಿಷ ಹೊಳವಾದಾಗ ಬಕೆಟ್ ಇಟ್ಟು ಇಲ್ಲಿ ಮಳೆಯೇ ಇಲ್ಲ ಅಂದ ಹಾಗೆ. ನಿಜವಾಗಿ ಕೊರತೆ ಇದೆ ಅನ್ನುವ ಅನುಮಾನ ಬಂದರೆ ಐಜಿಎಫ್-1 ಅನ್ನುವ ಬೇರೆ ಪರೀಕ್ಷೆ ಇದೆ, ಬೇಕಾದರೆ ಆಸ್ಪತ್ರೆಯಲ್ಲಿ ಕೂರಿಸಿ ಮಾಡುವ ಪರೀಕ್ಷೆಯೂ ಇದೆ. ಪಿಟ್ಯುಟರಿ ಆಪರೇಷನ್ ಆದವರು, ತಲೆಗೆ ರೇಡಿಯೇಷನ್ ಪಡೆದವರು, ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿ ಪಿಟ್ಯುಟರಿ ಸೊರಗಿದ ತಾಯಂದಿರು, ಇಂಥವರಿಗೆ ಆ ಪರೀಕ್ಷೆ ಬೇಕಾಗುತ್ತದೆ. ಅಡಿಕೆ ತೋಟದಲ್ಲಿ ಓಡಾಡಿಕೊಂಡಿರುವ 48ರ ಗಂಡಸಿಗೆ ಹೊಟ್ಟೆ ಬಂತೆಂದು ಮಾಡಿಸುವುದಲ್ಲ.

ಈಗ ನಿಜವಾದ ಪ್ರಶ್ನೆ. ಆ 6 ಕೆಜಿ ಎಲ್ಲಿಂದ ಬಂತು?

ಇನ್ಸುಲಿನ್ ಶುರು ಮಾಡುವ ಮೊದಲು ಅವರ ಪ್ಯಾಂಟು ಸಡಿಲವಾಗಿತ್ತಾ, ನೆನಪು ಮಾಡಿಕೊಳ್ಳಿ. ರಾತ್ರಿ ಮೂರು ನಾಲ್ಕು ಸಲ ಮೂತ್ರಕ್ಕೆ ಏಳುತ್ತಿದ್ದರಾ? ರಕ್ತದಲ್ಲಿ ಸಕ್ಕರೆ 180 ದಾಟಿದರೆ ಸಾಮಾನ್ಯವಾಗಿ ಮೂತ್ರದಲ್ಲಿ ಸೋರಲು ಶುರುವಾಗುತ್ತದೆ. ಮೂತ್ರಕ್ಕೆ ಇರುವೆ ಮುತ್ತುತ್ತದೆ ಅಂತ ಹಿರಿಯರು ಹೇಳುತ್ತಿದ್ದರಲ್ಲ, ಅದೇ. ದಿನಕ್ಕೆ 75 ಗ್ರಾಂ ಸೋರಿತು ಅಂತ ಇಟ್ಟುಕೊಳ್ಳಿ. ಗ್ರಾಮಿಗೆ 4ರಂತೆ 300 ಕ್ಯಾಲರಿ. ತಿಂಗಳಿಗೆ 9000. ಒಂದು ಕೆಜಿಗಿಂತ ಜಾಸ್ತಿ ಕೊಬ್ಬಿಗೆ ಸಮ! ಇನ್ಸುಲಿನ್ ಬಂದು ಆ ಸೋರಿಕೆ ನಿಲ್ಲಿಸಿತು. ಊಟ ಮೊದಲಿನಷ್ಟೇ ಇದೆ, ಹೊರಗೆ ಹೋಗುತ್ತಿದ್ದದ್ದು ಒಳಗೇ ಉಳಿಯಿತು. ಹಾಗಾಗಿ ಈ ಆರರಲ್ಲಿ ಕೆಲವು ಕೆಜಿ ಕಾಯಿಲೆ ಕದ್ದುಕೊಂಡಿದ್ದು ವಾಪಸ್ ಬಂದದ್ದು. ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ ತೂಕ ಏರುವುದು ವೈದ್ಯರಿಗೆ ಗೊತ್ತಿರುವುದೇ. ಬ್ರಿಟನ್ನಿನಲ್ಲಿ ನಡೆದು 1998ರಲ್ಲಿ ಪ್ರಕಟವಾದ ಯುಕೆಪಿಡಿಎಸ್ ಅನ್ನುವ ದೊಡ್ಡ ಅಧ್ಯಯನದಲ್ಲಿ ಇನ್ಸುಲಿನ್ ಪಡೆದವರು ಮುಖ್ಯವಾಗಿ ಪಥ್ಯದಲ್ಲಿದ್ದವರಿಗಿಂತ ಸರಾಸರಿ 4 ಕೆಜಿ ಜಾಸ್ತಿ ಏರಿದ್ದರು. ಅಷ್ಟಾದರೂ ಬಿಗಿ ಹತೋಟಿಯಲ್ಲಿದ್ದವರ ಕಣ್ಣು, ಕಿಡ್ನಿ ಚೆನ್ನಾಗಿ ಉಳಿದವು.

ಉಳಿದ ತೂಕಕ್ಕೆ ಬೇರೆ ಕಾರಣ ಇರುತ್ತದೆ. ನನ್ನ ಅನುಭವದಲ್ಲಿ ಅದು ಸಿಗುವುದು ಅಂಗಿ ಮೇಲೆತ್ತಿ ನೋಡಿದಾಗ. ಇವತ್ತು ಸಂಜೆ ಅವರ ಹೊಟ್ಟೆಯನ್ನು ಬೆರಳಿನಿಂದ ಸವರಿ ನೋಡಿ. ಹೊಕ್ಕುಳ ಪಕ್ಕದಲ್ಲಿ ಲಿಂಬೆಹಣ್ಣಿನಷ್ಟು ದಪ್ಪಕ್ಕೆ, ಮೆತ್ತಗೆ ರಬ್ಬರಿನ ಹಾಗೆ ಗಂಟು ಸಿಗಬಹುದು. ‘ಅಲ್ಲಿ ಚುಚ್ಚಿದರೆ ನೋವಾಗಲ್ಲ’ ಅಂತ ದಿನಾ ಅದೇ ಜಾಗಕ್ಕೆ ಹಾಕಿಕೊಂಡರೆ ಹೀಗಾಗುತ್ತದೆ. ಆ ಗಂಟಿನೊಳಗೆ ಹೋದ ಇನ್ಸುಲಿನ್ ಒಂದು ದಿನ ತಡವಾಗಿ, ಇನ್ನೊಂದು ದಿನ ಒಮ್ಮೆಲೇ ರಕ್ತಕ್ಕೆ ಸೇರುತ್ತದೆ. ಶುಗರ್ ಏರಿದ ದಿನ ಡೋಸ್ ಜಾಸ್ತಿ ಮಾಡುತ್ತಾರೆ. ಮರುದಿನ ಶುಗರ್ ತೀರಾ ಇಳಿದು ಲೋ ಆಗುತ್ತದೆ. ಲೋ ಆದಾಗ ಬರುವ ಹಸಿವು ಸಾಮಾನ್ಯ ಹಸಿವಲ್ಲ. ರಾತ್ರಿ ಎರಡು ಗಂಟೆಗೆ ಬೆವರಿ ಎದ್ದು, ಡಬ್ಬದಲ್ಲಿದ್ದ ತೊಡೆದೇವು ನಾಲ್ಕು, ಮೇಲೊಂದು ಬಾಳೆಹಣ್ಣು, ಅದರ ಮೇಲೆ ಒಂದು ಲೋಟ ಹಾಲು ಮುಗಿಸಿ ಮಲಗಿದವರನ್ನು ನಾನು ಬಲ್ಲೆ. ಬೆಳಿಗ್ಗೆ ಶುಗರ್ 250. ತೂಕ ಏರದೆ ಇನ್ನೇನಾಗುತ್ತದೆ?

ಗಂಟು ಸಿಕ್ಕಿದರೆ ಜಾಗ ಬದಲಿಸಬೇಕು. ಆದರೆ ಒಂದು ಎಚ್ಚರ. ಹೊಸ ಜಾಗದಲ್ಲಿ ಇನ್ಸುಲಿನ್ ಪೂರ್ತಿ ಹೀರಿಕೊಳ್ಳುತ್ತದೆ, ಹಳೇ ಡೋಸನ್ನೇ ಹಾಕಿದರೆ ಜೋರಾಗಿ ಲೋ ಆಗಬಹುದು. ಡಾಕ್ಟರಿಗೆ ಫೋನ್ ಮಾಡಿ, ಎಷ್ಟು ಇಳಿಸಬೇಕು ಕೇಳಿಕೊಂಡೇ ಬದಲಿಸಿ. ಲೋ ಆದಾಗ, ಅಂದರೆ ಮೀಟರಿನಲ್ಲಿ 70ಕ್ಕಿಂತ ಕೆಳಗೆ ಬಂದಾಗ, ಮೂರು ಟೀ ಚಮಚ ಸಕ್ಕರೆ ನೀರಿಗೆ ಕಲಸಿ ಕುಡಿಸಿ. 15 ನಿಮಿಷ ಬಿಟ್ಟು ಮತ್ತೆ ಚೆಕ್ ಮಾಡಿ. ಇನ್ನೂ ಕಡಿಮೆ ಇದ್ದರೆ ಇನ್ನೊಮ್ಮೆ ಅಷ್ಟೇ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, ಆಸ್ಪತ್ರೆಗೆ ಹೊರಡಿ.

ಇಲ್ಲಿ ಗ್ರೋತ್ ಹಾರ್ಮೋನ್ ಮತ್ತೆ ಬಂದು ಕೂರುತ್ತದೆ, ನೋಡಿ. ಬೆಳಗಿನ ಜಾವ ಅದರ ಪ್ರಭಾವದಿಂದ, ಜೊತೆಗೆ ಕಾರ್ಟಿಸೋಲ್ ಅನ್ನುವ ಇನ್ನೊಂದು ಹಾರ್ಮೋನ್ ಕೂಡ ಏರುವುದರಿಂದ, ಏನೂ ತಿನ್ನದಿದ್ದರೂ ಖಾಲಿ ಹೊಟ್ಟೆಯ ಶುಗರ್ ಜಾಸ್ತಿ ಬರಬಹುದು. ಇದನ್ನು ನೋಡಿ ರಾತ್ರಿಯ ಇನ್ಸುಲಿನ್ ಏರಿಸುತ್ತಾ ಹೋದರೆ ನಡುರಾತ್ರಿ ಲೋ ಆಗುತ್ತದೆ, ಮತ್ತೆ ತೊಡೆದೇವಿನ ಡಬ್ಬ. ಅದಕ್ಕೇ ಎರಡು ಮೂರು ದಿನ ಅಲಾರಂ ಇಟ್ಟು ರಾತ್ರಿ 3 ಗಂಟೆಗೆ ಒಂದು ಸಲ ಶುಗರ್ ನೋಡಿ ಬರೆದಿಡಿ. ಆ ಮೂರು ನಂಬರ್ ನಿಮ್ಮ ಡಾಕ್ಟರಿಗೆ ಮೂವತ್ತು ರಿಪೋರ್ಟಿಗಿಂತ ಉಪಯೋಗ.

ಮಾತ್ರೆಯ ಚೀಟಿಯನ್ನೂ ತೆಗೆದುಕೊಂಡು ಹೋಗಿ. ಇನ್ಸುಲಿನ್ ಜೊತೆ ಗ್ಲಿಮೆಪಿರೈಡ್ ಕೂಡ ನಡೆದಿದ್ದರೆ ಅದು ತೂಕ ಏರಿಸುತ್ತದೆ, ಲೋ ಕೂಡ ಮಾಡುತ್ತದೆ. ಪಯೋಗ್ಲಿಟಜೋನ್ ತೂಕ ಏರಿಸಿ ಕಾಲು ಊದಿಸುತ್ತದೆ. ಮೆಟ್‌ಫಾರ್ಮಿನ್ ಏರಿಸುವುದಿಲ್ಲ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಅನ್ನುವ ಮಾತ್ರೆಗಳು ಸಕ್ಕರೆಯನ್ನು ಬೇಕೆಂದೇ ಮೂತ್ರದಲ್ಲಿ ಬಿಡುತ್ತವೆ, 2-3 ಕೆಜಿ ಇಳಿಯುತ್ತದೆ. ಮೂತ್ರದ ಜಾಗದಲ್ಲಿ ತುರಿಕೆ ಬರಬಹುದು, ಉಪವಾಸದ ದಿನ ಮತ್ತು ವಾಂತಿ ಭೇದಿ ಇರುವಾಗ ನಿಲ್ಲಿಸಬೇಕು, ಕಿಡ್ನಿ ನೋಡಿ ಕೊಡಬೇಕು. ಇಂಜೆಕ್ಷನ್ನೇ ಬೇಕು ಅನ್ನುವುದಾದರೆ ವಾರಕ್ಕೊಮ್ಮೆ ಹಾಕುವ ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಇವೆ. ಹಸಿವು ಇಳಿಸುತ್ತವೆ, ಶುಗರೂ ಇಳಿಸುತ್ತವೆ, ತೂಕವೂ ಇಳಿಸುತ್ತವೆ. ಹುಡುಗ ಯಾವ ಆಸೆ ತೋರಿಸುತ್ತಿದ್ದಾನೋ ಅದಕ್ಕೆ ಸರಿಯಾದ ಔಷಧಿಗಳು ಇವು. ವಾಕರಿಕೆ ಬರುತ್ತದೆ, ಬೆಲೆಯೂ ಎಲ್ಲರ ಜೇಬಿನದ್ದಲ್ಲ. ಯಾವುದು ಸರಿ ಅಂತ ಅವರನ್ನು ನೋಡದೆ ನಾನು ಹೇಳಲಾರೆ.

ಊಟದ ವಿಷಯಕ್ಕೆ ಬಂದರೆ, ಮಲೆನಾಡಿನವರಿಗೆ ಅನ್ನ ಬಿಡಿ ಅಂದರೆ ಡಾಕ್ಟರನ್ನೇ ಬಿಡುತ್ತಾರೆ. ಬಿಡುವುದು ಬೇಡ. ಬೆಳಿಗ್ಗೆ ಕಡುಬು, ಮಧ್ಯಾಹ್ನ ಅನ್ನ, ಸಂಜೆ ಅವಲಕ್ಕಿ, ರಾತ್ರಿ ಮತ್ತೆ ಅನ್ನ ಅಂತ ನಾಲ್ಕು ಹೊತ್ತೂ ಅಕ್ಕಿಯೇ ಆಗುವುದನ್ನು ಎರಡಕ್ಕೆ ತನ್ನಿ. ಪಲ್ಯ, ಹುರುಳಿಕಾಳು, ಮೊಟ್ಟೆ ಅಥವಾ ಮೀನು ಮೊದಲು ತಟ್ಟೆಗೆ ಬರಲಿ, ಅನ್ನ ಆಮೇಲೆ. ಅಡಿಕೆ ಸುಲಿಯುವ ಕಾಲದಲ್ಲಿ ಮೆಟ್ಟುಗತ್ತಿ ಮುಂದೆ ನಡುರಾತ್ರಿವರೆಗೆ ಕೂತು ಕುಡಿಯುವ ಬೆಲ್ಲದ ಕಾಫಿಗಳ ಲೆಕ್ಕ ಯಾರೂ ಇಡುವುದಿಲ್ಲ. ಈ ಸಲ ಇಡಿ. ಮಳೆಗಾಲದಲ್ಲಿ ಹೊರಗೆ ಇಂಬಳ, ವಾಕಿಂಗ್ ಹೇಗೆ ಅನ್ನುತ್ತೀರಿ. ಜಗಲಿ ಇದೆಯಲ್ಲ. ಊಟವಾದ ಮೇಲೆ ಕಾಲು ಗಂಟೆ ಆ ತುದಿಯಿಂದ ಈ ತುದಿಗೆ ನಡೆದರೂ ಮೀಟರಿನಲ್ಲಿ ವ್ಯತ್ಯಾಸ ಕಾಣುತ್ತದೆ. ಬಸ್ಕಿ ಹೊಡೆಯಲಿ, ಕುರ್ಚಿಯಿಂದ ಎದ್ದು ಕೂರಲಿ. ಸ್ನಾಯು ಬೆಳೆದರೆ ಸಕ್ಕರೆ ಹೋಗಲು ಜಾಗ ಬೆಳೆಯುತ್ತದೆ. ಜಿಮ್ ಹುಡುಗನ ಉತ್ಸಾಹವನ್ನು ಇದಕ್ಕೆ ಬಳಸಿಕೊಳ್ಳಿ. ಕಣ್ಣಿನ ಪರೀಕ್ಷೆ ಆದ ಮೇಲೆ ಭಾರ ಎತ್ತುವುದನ್ನು ಕಲಿಸಲಿ. ಅವರು ಜೋರು ಗೊರಕೆ ಹೊಡೆದು ನಡುವೆ ಉಸಿರು ನಿಂತ ಹಾಗೆ ಆಗುತ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ನಿದ್ದೆ ಕೆಟ್ಟರೆ ಗ್ರೋತ್ ಹಾರ್ಮೋನಿನ ರಾತ್ರಿಯ ಅಲೆಯೂ ಕೆಡುತ್ತದೆ, ತೂಕವೂ ಕೆಡುತ್ತದೆ.

ಹುಡುಗನಿಗೂ ಎರಡು ಮಾತು ತಲುಪಿಸಿ. ಅವನು ತರಿಸುವ ಬಾಟಲಿಯಲ್ಲಿ ಏನಿದೆ ಅಂತ ಅವನಿಗೂ ಗೊತ್ತಿಲ್ಲ. ನಿಜವಾದ ಔಷಧಿಯನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು, ಬಸ್ಸಿನಲ್ಲಿ ಬ್ಯಾಗಿನೊಳಗೆ ಬಂದದ್ದು ಏನಾಗಿರುತ್ತದೋ. ಗ್ರೋತ್ ಹಾರ್ಮೋನ್ ಮಾತ್ರೆ ಅಂತ ಯಾರಾದರೂ ಮಾರಿದರೆ ಅದು ಶುದ್ಧ ಮೋಸ. 191 ಅಮೈನೋ ಆಮ್ಲಗಳ ಪ್ರೋಟೀನ್ ಅದು, ನುಂಗಿದರೆ ಬೇಳೆಯ ಹಾಗೆ ಜೀರ್ಣವಾಗಿ ಹೋಗುತ್ತದೆ. ಮತ್ತೆ, ಮೈ ಬೆಳೆಸುವವರು ಕೆಲವರು ಇದರ ಜೊತೆ ಇನ್ಸುಲಿನ್ ಚುಚ್ಚಿಕೊಳ್ಳುತ್ತಾರೆ. ಶುಗರ್ ಇಲ್ಲದ ಹುಡುಗ ಹಾಗೆ ಮಾಡಿದರೆ ಜೀವಕ್ಕೇ ಅಪಾಯ. ನಿಮ್ಮ ಮನೆಯ ಇನ್ಸುಲಿನ್ ಬಾಟಲಿ ಲೆಕ್ಕದಲ್ಲಿರಲಿ.

ಅತ್ತೆಯವರ ಕೋಳಿಗೆ ಉತ್ತರವೂ ಇಲ್ಲೇ ಇದೆ. ಬಾಯ್ಲರ್ ಕೋಳಿ ಆರು ವಾರದಲ್ಲಿ ಎರಡು ಕೆಜಿ ತೂಗುವುದು ತಳಿ ಮತ್ತು ಮೇವಿನಿಂದ. ಗ್ರೋತ್ ಹಾರ್ಮೋನ್ ಕೊಟ್ಟಿದ್ದರು ಅಂತಲೇ ಇಟ್ಟುಕೊಂಡರೂ ಸಾರಿನಲ್ಲಿ ಬೆಂದು, ಹೊಟ್ಟೆಯಲ್ಲಿ ಜೀರ್ಣವಾಗುವ ಪ್ರೋಟೀನ್ ಅದು. ಕೋಳಿ ತಿನ್ನಲಿ, ಜೊತೆಗಿನ ಕಡುಬನ್ನು ಎಣಿಸಿ ಹಾಕಿ.

ಒಂದು ವಿಷಯ ನೀವು ಬರೆದಿಲ್ಲ. ಕಣ್ಣಿನ ಪರೀಕ್ಷೆ ಕೊನೆಗೆ ಯಾವಾಗ ಆಯಿತು? ಕೇಳುವುದಕ್ಕೆ ಕಾರಣ ಇದೆ. 1953ರಲ್ಲಿ ಡೆನ್ಮಾರ್ಕಿನ ಪೌಲ್ಸೆನ್ ಅನ್ನುವ ವೈದ್ಯರು ಸಕ್ಕರೆ ಕಾಯಿಲೆಯ ಒಬ್ಬ ಬಾಣಂತಿಯ ವಿಷಯ ಬರೆದರು. ಹೆರಿಗೆಯ ನಂತರ ಆಕೆಯ ಪಿಟ್ಯುಟರಿ ಕೆಟ್ಟಿತ್ತು, ಆದರೆ ಸಕ್ಕರೆಯಿಂದ ಹಾಳಾಗುತ್ತಿದ್ದ ಕಣ್ಣಿನ ಪರದೆ ಸುಧಾರಿಸಿತ್ತು. ಅದನ್ನು ನೋಡಿ, ಲೇಸರ್ ಬರುವ ತನಕ, ಕಣ್ಣು ಉಳಿಸಲು ಪಿಟ್ಯುಟರಿಯನ್ನೇ ತೆಗೆದುಹಾಕುವ ಆಪರೇಷನ್ ಮಾಡುತ್ತಿದ್ದರು. ಇವತ್ತಿಗೂ ಕಣ್ಣಿನ ಪರದೆ ತೀವ್ರವಾಗಿ ಕೆಟ್ಟಿರುವ ಶುಗರಿನವರಿಗೆ ಗ್ರೋತ್ ಹಾರ್ಮೋನ್ ಕೊಡಬಾರದು ಅಂತ ಔಷಧಿಯ ಪೆಟ್ಟಿಗೆಯೊಳಗೆ ಬರುವ ಚೀಟಿಯಲ್ಲೇ ಬರೆದಿರುತ್ತದೆ. ಸೆಮಾಗ್ಲುಟೈಡ್ ಶುರು ಮಾಡುವ ಮೊದಲೂ ಕಣ್ಣು ನೋಡಿಸಬೇಕು, ಶುಗರ್ ಒಮ್ಮೆಲೇ ಇಳಿದಾಗ ಮೊದಲೇ ಕೆಟ್ಟಿರುವ ಪರದೆ ಇನ್ನಷ್ಟು ಕೆಡಬಹುದು. ಒಂಬತ್ತು ವರ್ಷದ ಶುಗರಿಗೆ ವರ್ಷಕ್ಕೊಂದು ಸಲ ಪರೀಕ್ಷೆ ಆಗಲೇಬೇಕು. ಮುಂದಿನ ಸಲ ಅಡಿಕೆ ಮಂಡಿಗೆ ಶಿವಮೊಗ್ಗಕ್ಕೆ ಬಂದಾಗ ಅರ್ಧ ದಿನ ಇದಕ್ಕೆ ಇಟ್ಟುಕೊಳ್ಳಿ. ಕಣ್ಣಿಗೆ ಹನಿ ಬಿಟ್ಟರೆ ನಾಲ್ಕೈದು ಗಂಟೆ ಎಲ್ಲಾ ಮಂಜು ಮಂಜು. ಅವರನ್ನು ಒಬ್ಬರನ್ನೇ ಬೈಕಿನಲ್ಲಿ ಕಳಿಸಬೇಡಿ.